ರೆಕ್ಕೆ ಮುಚ್ಚುವ ಮುಂಚೆ ಒಮ್ಮೆ ಬನ್ನಿ

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ಭಾನುವಾರ ಬೆಳಿಗ್ಗೆ 9ಕ್ಕೆ ಧಾರವಾಡ ಸಾಧನಕೇರಿಯ ನಮ್ಮ ಮನೆ ಮಾಳಿಗೆಯಲ್ಲಿ ಸೇರೋಣ. ಸ್ಕೇಲ್ ವಿಮಾನ (ನಿಜ ವಿಮಾನದ ಅಳತೆಗೆ ತಕ್ಕ ಚಿಕ್ಕ ರಿಮೋಟ್ ಮಾಡೆಲ್) ಕಟ್ಟುತ್ತಿರುವವರು, ಅದರಲ್ಲೂ ರೆಕ್ಕೆಗೆ ಇನ್ನೂ ಬಾಲ್ಸಾ ಶೀಟ್ (ಹಗುರ ಮರದ ತೆಳು ಹಾಳೆ) ಅಂಟಿಸದವರು, ತಪ್ಪದೆ ಬನ್ನಿ. ಅಂಟಿಸಿದ ಮೇಲೆ ಲಿಂಕೇಜ್, ಅಂದರೆ ಸರ್ವೋ ಅನ್ನೋ ಪುಟ್ಟ ಮೋಟರನ್ನು ಐಲೆರಾನ್‌ಗೆ (ರೆಕ್ಕೆಯ ಹಿಂದೆ ಮೇಲೆ-ಕೆಳಗೆ ಆಡುವ ಪಟ್ಟಿ) ಸೇರಿಸುವ ಜೋಡಣೆ, ಒಳಗೆ ಅಡಗಿಸೋದು ಬಹಳ ಕಷ್ಟ.

ರೆಕ್ಕೆಯೊಳಗೆ ಜಾಗ ಕಡಿಮೆ, ಹಾಗಾಗಿ ಹಾರ್ನ್ (ತಂತಿ ಸಿಕ್ಕಿಸೋಕೆ ಐಲೆರಾನ್‌ಗೆ ಹಾಕುವ ಪುಟ್ಟ ಕೈ) ಗಿಡ್ಡ ಮಾಡ್ತೀವಿ ಅಲ್ವಾ, ತೊಂದರೆ ಶುರುವಾಗೋದೇ ಅಲ್ಲಿ. ಹಿಂಜ್‌ನಿಂದ 10 ಮಿ.ಮೀ. ದೂರದಲ್ಲಿ ಅರ್ಧ ಮಿ.ಮೀ. ಸಡಿಲ ಇದ್ದರೆ, 60 ಮಿ.ಮೀ. ಅಗಲದ ಐಲೆರಾನ್‌ನ ಹಿಂದಿನ ಅಂಚು 3 ಮಿ.ಮೀ. ಅಲ್ಲಾಡುತ್ತದೆ. ಹೋದ ತಿಂಗಳು ನನ್ನ ಮಾಡೆಲ್ ಡೈವ್‌ನಲ್ಲಿ ಗರ್ ಅಂತ ನಡುಗಿ ಐಲೆರಾನ್ ಕಿತ್ತು ಹೋಗಿದ್ದು ಇದರಿಂದಲೇ. ಬಿಚ್ಚಿ ನೋಡಿದರೆ ಝಡ್-ಬೆಂಡ್ ತಂತಿ ಕೂತಿದ್ದ ತೂತು ಮೊಟ್ಟೆಯ ಹಾಗೆ ಸವೆದಿತ್ತು. ಅಲ್ಲಿ ಬಾಲ್ ಲಿಂಕ್ (ಪುಟ್ಟ ಗುಂಡಿನ ಮೇಲೆ ತಿರುಗುವ ಕೀಲು) ಹಾಕಬೇಕಿತ್ತು.

ಬಾಗಿಸಿದ ಸ್ಟೀಲ್ ತಂತಿಯನ್ನು ಸರ್ವೋನೇ ತಿರುಗಿಸುವ ಆರ್‌ಡಿಎಸ್ (ರೋಟರಿ ಡ್ರೈವ್ ಸಿಸ್ಟಮ್) ಪದ್ಧತಿಯನ್ನೂ ಮಾಡಿ ತೋರಿಸುತ್ತೇನೆ. ಹೊರಗೆ ಏನೂ ಕಾಣಲ್ಲ, ಆದರೆ ತಂತಿಯ ಬಾಗು ಸರಿಯಾಗಿ ಹಿಂಜ್ ಗೆರೆಯ ಮೇಲೇ ಬರಬೇಕು, ಇಲ್ಲದಿದ್ದರೆ ತಂತಿಯ ತುದಿ ಐಲೆರಾನ್ ಒಳಗಿನ ಪಾಕೆಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ರೆಕ್ಕೆ, ಸರ್ವೋ, ಟ್ರಾನ್ಸ್‌ಮಿಟರ್, ಬ್ಯಾಟರಿ ತನ್ನಿ. ಸರ್ವೋ ಕೆಟ್ಟರೆ ಬಿಚ್ಚಲು ಮುಚ್ಚಳ ಎಲ್ಲಿ ಇಡ್ತೀರಿ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ಬನ್ನಿ. ಹುಬ್ಬಳ್ಳಿಯವರು ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ನಾನೇ ಕರೆದುಕೊಂಡು ಬರ್ತೀನಿ, ರೆಕ್ಕೆ ಉದ್ದ ಇದ್ದರೆ ಮಾತ್ರ ಕಾರಲ್ಲಿ ತರೋದು ಒಳ್ಳೇದು.

ಯಾರ್ಯಾರು ಬರ್ತೀರಿ, ಬಾಲ್ ಲಿಂಕ್ ಎಷ್ಟು ಬೇಕು, ಮಂಗಳವಾರದೊಳಗೆ ಇಲ್ಲೇ ಬರೆಯಿರಿ. ಒಟ್ಟಿಗೆ ತರಿಸ್ತೀನಿ.