ದಾರಿಗೆ ತರುವ ಹಟ

ಮಾನ್ಯರೇ,

ದೇವರನ್ನು ನಂಬದ ಮಗನನ್ನು ದಾರಿಗೆ ತರುವುದು ಹೇಗೆ ಎಂದು ಓದುಗರೊಬ್ಬರು ಕಳೆದ ವಾರ ಇಲ್ಲಿ ಕೇಳಿದ್ದರು. ನಾನು ಗೀತಾ ಪಾರಾಯಣ ತಪ್ಪಿಸದವಳು. ನನ್ನ ತಮ್ಮ ಕಾಲೇಜು ದಿನಗಳಿಂದಲೂ ನಾಸ್ತಿಕ. ಅವನನ್ನು ದಾರಿಗೆ ತರಲು 30 ವರ್ಷ ಹೆಣಗಿ ಸೋತವಳು ಬರೆಯುತ್ತಿದ್ದೇನೆ.

ಅವನ ಹೆಂಡತಿ ತೀರಿಕೊಂಡ ಮೂರನೇ ದಿನ ಪಕ್ಕದಲ್ಲಿ ಕೂತು, ‘ಎಲ್ಲಾ ದೇವರ ಇಚ್ಛೆ ಕಣೋ’ ಎಂದೆ. ಸಮಾಧಾನಕ್ಕೇ ಹೇಳಿದ್ದು. ಅವನು ಮಾತಾಡಲಿಲ್ಲ. ಎದ್ದು ಹೋಗಿ ಅವಳ ಮಾತ್ರೆಗಳ ಡಬ್ಬಿ ತಂದು, ಉಳಿದಿದ್ದ ಪಟ್ಟಿಗಳನ್ನು ಒಂದೊಂದೇ ಮೇಜಿನ ಮೇಲೆ ಜೋಡಿಸತೊಡಗಿದ. ಎಷ್ಟೋ ಹೊತ್ತಾದ ಮೇಲೆ, ‘ಅಕ್ಕ, ಇದು ಯಾರದೋ ಇಚ್ಛೆ ಅಂದರೆ ನಾನು ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗುತ್ತೆ. ಅದೊಂದು ಬೇರೆ ಬೇಡ ನನಗೆ’ ಎಂದ. ನನ್ನನ್ನು ಎಷ್ಟೋ ಸಲ ಎತ್ತಿ ನಿಲ್ಲಿಸಿದ ಮಾತು ಅವನಿಗೆ ಇರಿಯುತ್ತದೆ ಎಂದು ಆವರೆಗೆ ಹೊಳೆದೇ ಇರಲಿಲ್ಲ.

‘ಕಷ್ಟ ಬರಲಿ, ಆಗ ದೇವರು ನೆನಪಾಗ್ತಾನೆ’ ಎನ್ನುತ್ತೇವಲ್ಲ, ಅದು ಶಾಪವೇ. ನಾನೂ ಅಂದವಳೇ. ‘ನಾಸ್ತಿಕ’ ಎಂಬುದನ್ನು ಬೈಗುಳದ ಹಾಗೆ ಬಳಸುವವರಿಗೆ ಇನ್ನೊಂದು ಮಾತು: ಆ ಪದ ದರ್ಶನಗಳಲ್ಲಿ, ಅಂದರೆ ನಮ್ಮ ಹಳೆಯ ತತ್ತ್ವಚಿಂತನೆಯ ಪಂಥಗಳಲ್ಲಿ, ವೇದವನ್ನು ಪ್ರಮಾಣವೆಂದು ಒಪ್ಪದವರಿಗೆ ಸಲ್ಲುತ್ತಿತ್ತು. ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದ ಪೂರ್ವಮೀಮಾಂಸೆ ಎಂಬ ದರ್ಶನ ಆಸ್ತಿಕ ದರ್ಶನಗಳ ಸಾಲಿನಲ್ಲೇ ಕೂತಿದೆ.

ನಾನು ಬಿಟ್ಟದ್ದು ಸ್ವಲ್ಪವೇ. ಮಕ್ಕಳ ಎದುರಿಗೆ ಅವನನ್ನು ಹೀಯಾಳಿಸುವುದಿಲ್ಲ. ‘ನಿನಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ’ ಎಂದು ಹೇಳಿಕೊಳ್ಳುವುದಿಲ್ಲ. ಪ್ರಾರ್ಥನೆಯನ್ನೇನೂ ಬಿಟ್ಟಿಲ್ಲ, ಅವನ ಹೆಸರು ದಿನಾ ಬರುತ್ತದೆ. (ಈ ಪತ್ರ ಅಚ್ಚಾದರೆ ಅವನಿಗೂ ಗೊತ್ತಾಗುತ್ತದೆ, ಇರಲಿ.) ಸತ್ತವರ ಬಗ್ಗೆ ಮಾತು ಬಂದರೆ, ಅವರು ಎಲ್ಲಿದ್ದಾರೆ ಎಂಬ ಚರ್ಚೆಗಿಳಿಯದೆ, ಅವರು ಹೇಗಿದ್ದರು ಎಂದು ಕೇಳುತ್ತೇನೆ. ಅದಕ್ಕೆ ಅವನ ಬಳಿ ಗಂಟೆಗಟ್ಟಲೆ ಉತ್ತರವಿದೆ.

ಹೋದ ವರ್ಷ ನನ್ನ ಕಣ್ಣಿನ ಆಪರೇಷನ್ ಆಯಿತು. ಕೆಲವು ದಿನ ಓದಬಾರದು ಎಂದರು. ಪಾರಾಯಣ ನಿಂತಿತಲ್ಲ ಎಂದು ಒದ್ದಾಡುತ್ತಿದ್ದಾಗ ತಮ್ಮನೇ ಬಂದು, ‘ಕೊಡಿಲ್ಲಿ’ ಎಂದು ಪುಸ್ತಕ ತೆಗೆದುಕೊಂಡ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾ ದಿನಕ್ಕೊಂದು ಅಧ್ಯಾಯ ಓದಿದ. ಹದಿನೆಂಟನೆಯದರ 63ನೇ ಶ್ಲೋಕಕ್ಕೆ ಬಂದವನು ನಿಲ್ಲಿಸಿ, ಅರ್ಥ ನೋಡಿ, ನಕ್ಕ. ‘ಯಥೇಚ್ಛಸಿ ತಥಾ ಕುರು. ಪೂರ್ತಿ ಯೋಚಿಸಿ ನಿನಗಿಷ್ಟ ಬಂದಂತೆ ಮಾಡು ಅಂತ ಕೃಷ್ಣನೇ ಅರ್ಜುನನಿಗೆ ಬಿಟ್ಟುಬಿಟ್ಟಿದ್ದಾನೆ. ನೀನು ಮಾತ್ರ 30 ವರ್ಷ ಬಿಡಲಿಲ್ಲ ನೋಡು ಅಕ್ಕ!’

ಇನ್ನು ಮೂರು ಶ್ಲೋಕ ಮುಂದೆ ಹೋಗು, ‘ಮಾಮೇಕಂ ಶರಣಂ ವ್ರಜ’, ನನ್ನೊಬ್ಬನಿಗೇ ಶರಣಾಗು ಅಂತಲೂ ಇದೆ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ‘ಮುಂದಕ್ಕೆ ಓದಪ್ಪಾ’ ಎಂದೆ. ಓದಿದ. 66 ಬಂದಾಗ ಅವನು ತಲೆಯೆತ್ತಲಿಲ್ಲ, ನಾನೂ ಕೆಮ್ಮಲಿಲ್ಲ.

– ನಿವೃತ್ತ ಶಿಕ್ಷಕಿ