ಕೊಳಾಯಿ ಕೆಲಸದವನ ಗೋಲು, ಸದಸ್ಯರ ಕ್ಲಬ್ಬು

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಯುರೋಪಿನ ಫುಟ್‌ಬಾಲ್ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಓದಿಸಿಕೊಂಡು ಹೋಯಿತು. ಆದರೆ ಒಂದು ಮಾತನ್ನು ಒಪ್ಪೋಕೆ ಆಗಲಿಲ್ಲ. ಕೋಟಿಗಟ್ಟಲೆ ಸುರಿಯುವವರು ಬೆನ್ನ ಹಿಂದೆ ಇಲ್ಲದಿದ್ದರೆ ಯಾವ ಕ್ಲಬ್ಬೂ ಯುರೋಪಿನ ಕಪ್ ಎತ್ತೋಕೆ ಸಾಧ್ಯವಿಲ್ಲ ಅಂತ ಬರೆದಿದ್ದಿರಿ. ಇದು ನಿಜವಲ್ಲ. ಸ್ವೀಡನ್ನಿನ ಐಎಫ್‌ಕೆ ಗೋಥೆನ್‌ಬರ್ಗ್ ಅನ್ನುವ, ಮಾಲೀಕನಿಲ್ಲದ, ಸದಸ್ಯರದ್ದೇ ಆದ ಕ್ಲಬ್ಬು ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್ಪನ್ನು 1982ರಲ್ಲಿ ಗೆದ್ದಿತು, 1987ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಇಡೀ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯ ಸೋಲಲಿಲ್ಲ. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಕೂಡ ಸದಸ್ಯರದ್ದೇ ಕ್ಲಬ್ಬುಗಳು ತಾನೇ ಅಂತ ಯಾರಾದರೂ ಕೇಳಬಹುದು. ಹೌದು, ಆದರೆ ಅವರ ಹತ್ತಿರ ದುಡ್ಡಿಗೆ ಬರ ಇರಲಿಲ್ಲ. ಗೋಥೆನ್‌ಬರ್ಗ್ ಹತ್ತಿರ ವಿಮಾನದ ಟಿಕೆಟ್ಟಿಗೂ ಕಾಸಿರಲಿಲ್ಲ. ಅದಕ್ಕೇ ಈ ಕ್ಲಬ್ಬಿನ ಕಥೆ ಬೆಂಗಳೂರಿನವರಿಗೆ ಗೊತ್ತಾಗಬೇಕು ಅಂತ ಈ ಪತ್ರ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ಗೋಥೆನ್‌ಬರ್ಗ್ ನಮಗೇನೂ ಪೂರ್ತಿ ಅಪರಿಚಿತ ಊರಲ್ಲ. ಏರ್‌ಪೋರ್ಟಿಗೆ ಹೋಗುವ ಎಸಿ ಬಸ್ಸಿಗೆ ನಾವು ಇವತ್ತಿಗೂ ವೋಲ್ವೋ ಅಂತಲೇ ಹೇಳೋದು, ಅಲ್ವಾ? ಆ ವೋಲ್ವೋ ಕಂಪನಿ ಹುಟ್ಟಿದ್ದು ಅಲ್ಲೇ. ಅದು ಬಂದರಿನ ಊರು, ಕಾರ್ಖಾನೆಗಳ ಊರು. ಅಲ್ಲಿನ ಆನೆಡಾಲ್ ಅನ್ನುವ ಬಡಾವಣೆಯ ಒಂದು ಕೆಫೆಯಲ್ಲಿ 1904ರ ಅಕ್ಟೋಬರ್ 4ರಂದು ಕೆಲವು ಹುಡುಗರು ಸೇರಿ ಈ ಕ್ಲಬ್ ಕಟ್ಟಿದರು. ಅದಕ್ಕೂ ಮೊದಲು, 1895ರಲ್ಲಿ, ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು ಒಂದು ಮಕ್ಕಳ ಪತ್ರಿಕೆಯ ಮೂಲಕ ಐಎಫ್‌ಕೆ ಅನ್ನುವ ಗೆಳೆಯರ ಕ್ರೀಡಾ ಸಂಘ ಶುರು ಮಾಡಿದ್ದರು. ಪತ್ರಿಕೆ ಓದಿದ ಬೇರೆ ಬೇರೆ ಊರಿನ ಹುಡುಗರು ತಮ್ಮೂರಲ್ಲೂ ಅದೇ ಹೆಸರಿನಲ್ಲಿ ಸಂಘ ಕಟ್ಟಿಕೊಂಡರು. ಗೋಥೆನ್‌ಬರ್ಗಿನದ್ದು 39ನೆಯದು. ಒಂದು ಪತ್ರಿಕೆಯಲ್ಲಿ ಬಂದ ಕರೆಯಿಂದ ಇಷ್ಟು ಕ್ಲಬ್ಬುಗಳು ಹುಟ್ಟಿದವು ಅನ್ನೋದನ್ನು ಪತ್ರಿಕೆಯವರಾದ ನೀವು ಗಮನಿಸಬೇಕು ಅಂತ ನನ್ನಾಸೆ.

ನಾಲ್ಕೇ ವರ್ಷಕ್ಕೆ, 1908ರಲ್ಲಿ, ಸ್ವೀಡನ್ ಚಾಂಪಿಯನ್ ಆದರು. ಆಲ್‌ಸ್ವೆನ್ಸ್ಕನ್ ಅನ್ನುವ ರಾಷ್ಟ್ರೀಯ ಲೀಗ್ 1924ರಲ್ಲಿ ಶುರುವಾದಾಗ ಇವರ ಫಿಲಿಪ್ ಯೋಹಾನ್ಸನ್ ಮೊದಲ ಸೀಸನ್ನಿನಲ್ಲೇ 39 ಗೋಲು ಹೊಡೆದರು. ಅಷ್ಟಾದರೂ ಆ ವರ್ಷದ ಪ್ರಶಸ್ತಿ ಅದೇ ಊರಿನ ಇನ್ನೊಂದು ಕ್ಲಬ್ಬಾದ ಜಿಎಐಎಸ್‌ಗೆ ಹೋಯಿತು!

ಆಮೇಲೆ ಬಂದವರು ಗುನ್ನಾರ್ ಗ್ರೆನ್. 1948ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ವೀಡನ್ ಯುಗೊಸ್ಲಾವಿಯಾವನ್ನು 3-1ರಿಂದ ಸೋಲಿಸಿ ಚಿನ್ನ ಗೆದ್ದಾಗ ಎರಡು ಗೋಲು ಗ್ರೆನ್ ಅವರದ್ದು. ಆಗ ಅವರು ಆಡುತ್ತಿದ್ದುದು ಇದೇ ಕ್ಲಬ್ಬಿಗೆ, ಮಿಲಾನ್‌ಗೆ ಹೋಗಿದ್ದು ಮರುವರ್ಷ. ಅದೇ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತಲ್ಲ, ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ ಅದು. ನಮ್ಮವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಗೋಥೆನ್‌ಬರ್ಗಿನ ಗಾಮ್ಲಾ ಉಲ್ಲೆವಿ ಸ್ಟೇಡಿಯಂ ಹೊರಗೆ ಇವತ್ತಿಗೂ ಗ್ರೆನ್ ಅವರ ಪ್ರತಿಮೆ ನಿಂತಿದೆ. ರಾಮನ್ ಯಾರು ಅಂತ ಅಶೋಕನಗರದ ಸ್ಟೇಡಿಯಂಗೆ ಬರುವ ಇವತ್ತಿನ ಹುಡುಗರನ್ನು ಕೇಳಿ ನೋಡಿ. ಗೊತ್ತಿಲ್ಲ ಅಂದರೆ ಅದು ಅವರ ತಪ್ಪಲ್ಲ. ಹೇಳಬೇಕಾದ ನಾವು ಹೇಳಲಿಲ್ಲ.

ಈಗ ನಾನು ಹೇಳಬೇಕು ಅಂತಿರುವ ಮುಖ್ಯ ವಿಷಯಕ್ಕೆ ಬರ್ತೀನಿ. 1969ರಲ್ಲಿ ಚಾಂಪಿಯನ್ ಆದ ತಂಡ 1970ರಲ್ಲಿ ನೇರವಾಗಿ ಎರಡನೇ ದರ್ಜೆಗೆ ಬಿತ್ತು. ಕೊನೆಯ ಪಂದ್ಯದಲ್ಲಿ ಜನ ಮೈದಾನಕ್ಕೇ ನುಗ್ಗಿಬಿಟ್ಟರು. ಕೆಳಗಿನ ದರ್ಜೆಯಲ್ಲಿ ಒಂದಲ್ಲ ಎರಡಲ್ಲ, 6 ಸೀಸನ್ ಕಳೆಯಬೇಕಾಯಿತು. ಮಾಲೀಕನ ಕೈಯಲ್ಲಿದ್ದ ತಂಡವಾಗಿದ್ದರೆ ಆತ ಎರಡನೇ ವರ್ಷಕ್ಕೇ ಬೀಗ ಹಾಕಿ ಹೋಗುತ್ತಿದ್ದ. ಇಲ್ಲಿ ಹೋಗೋಕೆ ಯಾರೂ ಇರಲಿಲ್ಲ, ಯಾಕಂದರೆ ಕ್ಲಬ್ಬು ಸದಸ್ಯರದ್ದು. ವರ್ಷಕ್ಕೊಮ್ಮೆ ಸಭೆ ಸೇರಿ, ಒಬ್ಬರಿಗೆ ಒಂದು ಓಟಿನಂತೆ ಆಡಳಿತ ಮಂಡಳಿಯನ್ನು ಆರಿಸುವ ಸಂಘ ಅದು. 1977ರ ಸೀಸನ್ನಿಗೆ ಮತ್ತೆ ಮೇಲಿನ ಲೀಗಿಗೆ ಬಂದರು.

1979ರಲ್ಲಿ ಸ್ವೆನ್ ಗೋರಾನ್ ಎರಿಕ್ಸನ್ ಕೋಚ್ ಆಗಿ ಬಂದರು. ಮುಂದೆ ಇಂಗ್ಲೆಂಡ್ ತಂಡದ ಕೋಚ್ ಆಗಿ ಜಗತ್ತಿಗೆಲ್ಲ ಗೊತ್ತಾದ, 2024ರಲ್ಲಿ ತೀರಿಕೊಂಡ ಅದೇ ಎರಿಕ್ಸನ್. ಆಗ ಅವರಿಗೆ 30ರ ಆಸುಪಾಸು ವಯಸ್ಸು, ಡೆಗರ್‌ಫೋರ್ಸ್ ಅನ್ನುವ ಸಣ್ಣ ಊರಿನ ತಂಡದಿಂದ ಬಂದವರು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರ ಆಟದ ರೀತಿ ಮೊದಮೊದಲು ಊರಿನವರಿಗೆ ಹಿಡಿಸಲಿಲ್ಲ. ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ. ಚೆಂಡು ಕಳೆದುಕೊಂಡರೆ ಇಡೀ ತಂಡ ಒಟ್ಟಿಗೆ ನುಗ್ಗಿ ಒತ್ತಡ ಹಾಕಬೇಕು. ಒಬ್ಬ ಸ್ಟಾರ್ ಆಟಗಾರನ ಕಾಲ್ಚಳಕ ನೋಡೋಕೆ ಬಂದವರಿಗೆ ಇದೇನು ಡ್ರಿಲ್ಲು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲ ವರ್ಷವೇ ಸ್ವೀಡಿಷ್ ಕಪ್ ಗೆದ್ದರು.

1982ಕ್ಕೆ ಬರೋಣ. ಕ್ಲಬ್ಬು ದಿವಾಳಿಯ ಅಂಚಿನಲ್ಲಿತ್ತು. ಯುಇಎಫ್‌ಎ ಕಪ್ ಕ್ವಾರ್ಟರ್‌ಫೈನಲ್‌ಗೆ ಸ್ಪೇನಿನ ವೆಲೆನ್ಸಿಯಾಗೆ ಹೋಗೋಕೆ ಅಭಿಮಾನಿಗಳ ಸಂಘದಿಂದಲೇ ಸಾಲ ತೆಗೆದುಕೊಂಡರು. ಇನ್ನೊಂದು ಸಲ ಓದಿ ಸಾರ್, ಅಭಿಮಾನಿಗಳಿಂದ ಸಾಲ. ತಂಡದ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡೇ ಆಡುತ್ತಿದ್ದರು. ಗ್ಲೆನ್ ಹೈಸೆನ್ ಎಲೆಕ್ಟ್ರಿಷಿಯನ್ ಕೆಲಸ ಕಲಿತವರು, ಟೋರ್ಡ್ ಹೋಮ್‌ಗ್ರೆನ್ ಕೊಳಾಯಿ ಕೆಲಸದವರು. (ಆ ತಂಡದಲ್ಲಿ ಗ್ಲೆನ್ ಅನ್ನುವ ಹೆಸರಿನವರು ನಾಲ್ಕು ಜನ ಇದ್ದರು. ನಮ್ಮ ಬೀದಿಯಲ್ಲಿ ಮಂಜುನಾಥ ಅಂತ ಕೂಗಿದರೆ ನಾಲ್ಕು ಮನೆಯ ಬಾಗಿಲು ತೆಗೆಯುತ್ತಲ್ಲ, ಹಾಗೆ. ಗೋಥೆನ್‌ಬರ್ಗಿನಲ್ಲಿ ಎಲ್ಲರ ಹೆಸರೂ ಗ್ಲೆನ್ ಅನ್ನೋದು ಸ್ವೀಡನ್ನಿನಲ್ಲಿ ಗಾದೆಯ ಥರ ಉಳಿದುಬಿಟ್ಟಿದೆ.)

ಪ್ರತಿ ಸುತ್ತಿಗೂ ಎರಡು ಪಂದ್ಯ, ಅಲ್ಲೊಂದು ಇಲ್ಲೊಂದು, ಎರಡರ ಗೋಲು ಕೂಡಿಸಿ ಲೆಕ್ಕ. ವೆಲೆನ್ಸಿಯಾದಲ್ಲಿ 2-2, ಮನೆಯಂಗಳದಲ್ಲಿ 2-0. ಸೆಮಿಫೈನಲ್‌ನಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್ ಎದುರು ಅಲ್ಲಿ 1-1, ಇಲ್ಲಿ ಹೆಚ್ಚುವರಿ ಸಮಯದಲ್ಲಿ 2-1. ಫೈನಲ್‌ಗೆ ಎದುರಾಳಿ ಹ್ಯಾಂಬರ್ಗ್. ಕಾಲ್ಟ್ಸ್, ಮಗಾತ್, ಹ್ರುಬೆಶ್ ಅಂಥ ಘಟಾನುಘಟಿಗಳ ತಂಡ, ಅರ್ನ್ಸ್ಟ್ ಹ್ಯಾಪೆಲ್ ಕೋಚ್. ಮೇ 5ರಂದು ಗೋಥೆನ್‌ಬರ್ಗಿನಲ್ಲಿ ಮೊದಲ ಪಂದ್ಯ. ಗೋಲಿಲ್ಲದೆ ಮುಗಿಯುತ್ತೆ ಅನ್ನುವಾಗ, ಇನ್ನೇನು ಕೆಲವೇ ನಿಮಿಷ ಉಳಿದಿರುವಾಗ, ಆ ಕೊಳಾಯಿ ಕೆಲಸದ ಹೋಮ್‌ಗ್ರೆನ್ ಗೋಲು ಹೊಡೆದರು. 1-0. ಇಷ್ಟು ಸಾಲದು, ಹ್ಯಾಂಬರ್ಗಿನವರು ತಮ್ಮೂರಲ್ಲಿ ಇವರನ್ನು ಹುರಿದು ಮುಕ್ಕುತ್ತಾರೆ ಅಂತಲೇ ಅನ್ನಿಸುವಂಥ ಅಂತರ. ಎರಡು ವಾರದ ನಂತರ ಹ್ಯಾಂಬರ್ಗಿನಲ್ಲಿ ಆಗಿದ್ದು 3-0, ಅದೂ ಗೋಥೆನ್‌ಬರ್ಗಿನ ಪರವಾಗಿ. ಕಾರ್ನೆಲಿಯುಸನ್, ಟೋರ್ಬ್ಯೋರ್ನ್ ನಿಲ್ಸನ್, ಕೊನೆಗೆ ಪೆನಾಲ್ಟಿಯಲ್ಲಿ ಫ್ರೆಡ್ರಿಕ್ಸನ್. ಹ್ಯಾಂಬರ್ಗ್ ಆ ವರ್ಷ ಸೊರಗಿತ್ತು ಅಂತ ಹೇಳೋಕಾಗಲ್ಲ. ಮರುವರ್ಷ ಅದೇ ಹ್ಯಾಂಬರ್ಗ್ ಯುವೆಂಟಸ್ಸನ್ನು ಸೋಲಿಸಿ ಯುರೋಪಿಯನ್ ಕಪ್ (ದೇಶ ದೇಶದ ಚಾಂಪಿಯನ್ನರ ಟೂರ್ನಿ, ಈಗಿನ ಚಾಂಪಿಯನ್ಸ್ ಲೀಗ್) ಗೆದ್ದಿತು.

ಗೆದ್ದ ಮೇಲೆ ಎಲ್ಲರೂ ಹೊರಟರು. ಎರಿಕ್ಸನ್ ಬೆನ್‌ಫಿಕಾಗೆ, ನಿಲ್ಸನ್ ಕೈಸರ್ಸ್‌ಲೌಟರ್ನ್‌ಗೆ, ಮರುವರ್ಷ ಹೈಸೆನ್ ಹಾಲೆಂಡಿಗೆ, ಕಾರ್ನೆಲಿಯುಸನ್ ಸ್ಟುಟ್‌ಗಾರ್ಟ್‌ಗೆ. ಅಲ್ಲಿಗೆ ಮುಗೀತು ಅನ್ನಬೇಕಿತ್ತು. ಮುಗಿಯಲಿಲ್ಲ. ಹೈಸೆನ್, ನಿಲ್ಸನ್ ಕೆಲವು ವರ್ಷ ಬಿಟ್ಟು ಊರಿಗೇ ವಾಪಸ್ ಬಂದು ಆಡಿದರು. 1986ರಲ್ಲಿ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ತಮ್ಮೂರಲ್ಲಿ 3-0 ಬಗ್ಗುಬಡಿದು, ಅಲ್ಲಿ ಹೋಗಿ 0-3 ಸೋತು, ಪೆನಾಲ್ಟಿಯಲ್ಲಿ ಕೈಚೆಲ್ಲಿದರು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ. 1987ರಲ್ಲಿ ಗುಂಡರ್ ಬೆಂಗ್ಟ್ಸನ್ ಕೋಚ್ ಆಗಿದ್ದಾಗ ಇಂಟರ್ ಮಿಲಾನನ್ನು ದಾಟಿ, ಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಡಂಡಿ ಯುನೈಟೆಡ್ಡನ್ನು 1-0, 1-1ರಿಂದ ಸೋಲಿಸಿ ಮತ್ತೆ ಕಪ್ ತಂದರು. ಸೋತ ಡಂಡಿಯ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು, ಆ ಅಭಿಮಾನಿಗಳಿಗೆ ಫಿಫಾ ಪ್ರಶಸ್ತಿಯನ್ನೇ ಕೊಟ್ಟಿತು.

1994ರಲ್ಲಿ ಚಾಂಪಿಯನ್ಸ್ ಲೀಗ್. ಗುಂಪಿನಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್, ಗಲಾಟಸರಾಯ್. ಗುಂಪಿನಲ್ಲಿ ಮೊದಲ ಸ್ಥಾನ ಯಾರಿಗೆ ಹೇಳಿ? ಗೋಥೆನ್‌ಬರ್ಗ್‌ಗೆ! ಮ್ಯಾಂಚೆಸ್ಟರ್‌ನವರನ್ನು 3-1ರಿಂದ ಹೊಡೆದರು. ಮುಂದೆ ಬಾಯರ್ನ್ ಎದುರು ಎರಡೂ ಪಂದ್ಯ ಡ್ರಾ ಆಗಿ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಹೊರಬಿದ್ದರು.

ಆಮೇಲಿನ ಕಥೆ ಅಷ್ಟು ಸಿಹಿಯಲ್ಲ. 1995ರ ಕೊನೆಯಲ್ಲಿ ಬೋಸ್ಮನ್ ತೀರ್ಪು ಬಂತು. ಗುತ್ತಿಗೆ ಮುಗಿದ ಆಟಗಾರ ಬೇರೆ ಕ್ಲಬ್ಬಿಗೆ ಹೋದರೆ ಹಳೆಯ ಕ್ಲಬ್ಬಿಗೆ ಯಾರೂ ಪೈಸೆ ಕೊಡಬೇಕಿಲ್ಲ ಅಂತಾಯಿತು. ಆಟಗಾರರಿಗೆ ಅದು ನ್ಯಾಯವೇ, ಆದರೆ ಸಣ್ಣ ದೇಶದ ಕ್ಲಬ್ಬುಗಳಿಗೆ ದೊಡ್ಡ ಪೆಟ್ಟು. ಟಿವಿ ದುಡ್ಡೆಲ್ಲ ದೊಡ್ಡ ಲೀಗುಗಳ ಪಾಲಾಯಿತು. ಗೋಥೆನ್‌ಬರ್ಗ್ ಕೊನೆಯ ಸಲ ಲೀಗ್ ಗೆದ್ದಿದ್ದು 2007ರಲ್ಲಿ, ಅದು 18ನೇ ಚಾಂಪಿಯನ್ ಪಟ್ಟ. ಸದಸ್ಯರ ಕ್ಲಬ್ಬಾದರೆ ಸಾಕು, ವರ್ಷ ವರ್ಷ ಕಪ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಕಪ್ ಬರದ ವರ್ಷಗಳಲ್ಲೂ ಕ್ಲಬ್ಬು ಇರುತ್ತೆ, ಅಷ್ಟೇ ನಾನು ಹೇಳೋದು. ಆ ದೇಶದಲ್ಲಿ ಇದು ಬರೀ ಭಾವನೆಯಲ್ಲ, ನಿಯಮ. ಕ್ಲಬ್ಬುಗಳು ಕಂಪನಿ ಮಾಡಿಕೊಳ್ಳಬಹುದು ಅಂತ 1999ರಲ್ಲಿ ಅವಕಾಶ ಕೊಟ್ಟರು, ಆದರೆ ಅರ್ಧಕ್ಕಿಂತ ಜಾಸ್ತಿ ಓಟು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. 2024ರಲ್ಲಿ ವಿಡಿಯೊ ರೆಫರಿ ವ್ಯವಸ್ಥೆ ತರೋಣ ಅಂದಾಗ ಸದಸ್ಯರು ಬೇಡ ಅಂದರು, ಕ್ಲಬ್ಬುಗಳು ಬೇಡ ಅಂದವು, ಫೆಡರೇಷನ್ ಕೈಬಿಟ್ಟಿತು. ಸರಿಯೋ ತಪ್ಪೋ ಬೇರೆ ಮಾತು, ನನಗೇ ವಿಡಿಯೊ ರೆಫರಿ ಇರಲಿ ಅನ್ನಿಸುತ್ತೆ. ಆದರೆ ಟಿಕೆಟ್ ಕೊಂಡು ಬರುವವನನ್ನು ಕೇಳಿದರು ನೋಡಿ.

ಈಗ ನಮ್ಮೂರಿಗೆ ಬನ್ನಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಗೋಥೆನ್‌ಬರ್ಗ್ ಮೇಲಿನ ಲೀಗಿಗೆ ವಾಪಸ್ ಬಂತು ಅಂದೆನಲ್ಲ, ಅದೇ 1977ರಲ್ಲಿ ನಮ್ಮ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಂಡ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದಿತು, ಅದೂ ಮೋಹನ್ ಬಾಗಾನ್ ತಂಡವನ್ನು 1-0 ಸೋಲಿಸಿ. ಫೋನ್ ತಯಾರಿಸುವ ಕಾರ್ಖಾನೆಯ ನೌಕರರ ತಂಡ! ಎಚ್‌ಎಎಲ್ ತಂಡ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್‌ವರೆಗೂ ಹೋಯಿತು. ಆ ತಂಡಗಳಿಗೆ ಆಟಗಾರರೂ ಇದ್ದರು, ನೋಡೋಕೆ ಜನವೂ ಇದ್ದರು, ಕೆಲಸ ಸಿಗುತ್ತೆ ಅಂತ ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬೆವರು ಸುರಿಸಿ ಆಡುತ್ತಿದ್ದರು. ನಾನೂ ಅಂಥ ಪಂದ್ಯ ನೋಡಿ ಬೆಳೆದವನೇ. ಆದರೆ ಕ್ಲಬ್ಬು ಆಟಗಾರರದ್ದೂ ಆಗಿರಲಿಲ್ಲ, ನೋಡುವವರದ್ದೂ ಆಗಿರಲಿಲ್ಲ, ಕಾರ್ಖಾನೆಯದ್ದಾಗಿತ್ತು. ಕಾರ್ಖಾನೆಯ ಕಾಲ ಇಳಿದಾಗ ಅದರ ಜೊತೆ ತಂಡದ ಕಾಲವೂ ಇಳಿಯಿತು. ಸಾಲ ಕೊಡ್ತೀವಿ, ನಡೆಸಿ ಅಂತ ನಾವು ಹೇಳೋಕೆ ಒಂದು ಬಾಗಿಲೇ ಇರಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಬಂತು. ತುಂಬಾ ಸಂತೋಷ ಪಟ್ಟವರಲ್ಲಿ ನಾನೂ ಒಬ್ಬ. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಅದು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ಹುಡುಗ ಹುಡುಗಿಯರನ್ನು ನೋಡಿದರೆ ಯಾವ ಯುರೋಪಿನ ಊರಿಗೂ ನಾವು ಕಡಿಮೆ ಇಲ್ಲ ಅನ್ನಿಸುತ್ತೆ. ಆದರೆ 2025ರಲ್ಲಿ ಫೆಡರೇಷನ್ನಿಗೂ ಆಗ ಲೀಗ್ ನಡೆಸುತ್ತಿದ್ದ ಕಂಪನಿಗೂ ಒಪ್ಪಂದ ಕುದುರದೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸಮಯಕ್ಕೆ ಶುರುವಾಗದೇ ಹೋದಾಗ, ಈ ಹುಡುಗರು ಸುದ್ದಿ ಓದಿ ಕಾಯೋದು ಬಿಟ್ಟು ಬೇರೇನೂ ಮಾಡೋಕಾಗಲಿಲ್ಲ. ಅವರಿಗೆ ಟೀ ಶರ್ಟ್ ಇದೆ, ಬಾವುಟ ಇದೆ, ಓಟು ಇಲ್ಲ.

ನಾಳೆ ಬೆಳಿಗ್ಗೆ ಎಲ್ಲ ಕ್ಲಬ್ಬೂ ಸದಸ್ಯರ ಕೈಗೆ ಬರಲಿ ಅಂತ ಕೇಳೋದು ಸುಮ್ನೆ ಮಾತಾಗುತ್ತೆ. ಸಣ್ಣದಾಗಿ ಶುರು ಮಾಡಬಹುದು. ವರ್ಷಕ್ಕೆ ಒಂದಿಷ್ಟು ಶುಲ್ಕ ಕಟ್ಟಿದ ಅಭಿಮಾನಿಗಳಿಂದ ಆರಿಸಿ ಬಂದ ಒಬ್ಬರಿಗೆ ದೊಡ್ಡ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಕೊಡಲಿ. ನಮ್ಮ ಬಡಾವಣೆಗಳಲ್ಲಿ ಐದಾರು ಜನ ಹಿರಿಯರು ಕೈಯಿಂದ ಖರ್ಚು ಮಾಡಿ ನಡೆಸುವ ಕ್ಲಬ್ಬುಗಳು ಆ ಬೀದಿಯ ಎಲ್ಲರಿಗೂ ಸದಸ್ಯತ್ವ ತೆರೆಯಲಿ, ಲೆಕ್ಕ ಸಭೆಯಲ್ಲಿ ಇಡಲಿ. ಮೈದಾನ ಉಳಿಸಿಕೊಳ್ಳೋಕೂ ಇದೇ ದಾರಿ. ಐದು ಜನ ಹೋಗಿ ಅರ್ಜಿ ಕೊಟ್ಟರೆ ಒಂದು ಥರ, ಐನೂರು ಸದಸ್ಯರ ಸಂಘ ಹೋಗಿ ನಿಂತರೆ ಇನ್ನೊಂದು ಥರ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಅಂಕಪಟ್ಟಿ ವಾರ ವಾರ ಹಾಕ್ತೀರಿ, ಹಾಕಿ. ಅದರ ಪಕ್ಕದಲ್ಲೇ ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನ ವೇಳಾಪಟ್ಟಿ ಮತ್ತು ಫಲಿತಾಂಶ ಕೊಡಿ. ಯಾವ ಪಂದ್ಯ ಎಷ್ಟು ಹೊತ್ತಿಗೆ, ಎಲ್ಲಿ ಅಂತ ಗೊತ್ತಾಗದೆ ಎಷ್ಟೋ ಜನ ಬರ್ತಾ ಇಲ್ಲ. ಹಾಗೇ ತಿಂಗಳಿಗೊಂದು ಹಳೆಯ ಕ್ಲಬ್ಬಿನ ಇತಿಹಾಸ ಬರೆಸಿ. ಐಟಿಐ, ಎಚ್‌ಎಎಲ್ ತಂಡಗಳಿಗೆ ಆಡಿದ ಎಷ್ಟೋ ಜನ ಈಗಲೂ ಈ ಊರಲ್ಲೇ ಇದ್ದಾರೆ, ಕೇಳಿದರೆ ಖುಷಿಯಿಂದ ಹೇಳ್ತಾರೆ. ನಿಮ್ಮ ವರದಿಗಾರರಿಗೆ ಬೇಕಾದರೆ ಅಂಥವರ ಮನೆಗೆ ಕರೆದುಕೊಂಡು ಹೋಗೋಕೆ ನಾನು ತಯಾರಿದ್ದೀನಿ.

ಇಂತಿ,
ನಿಮ್ಮ ಬಹುಕಾಲದ ಓದುಗ,
ಆಸ್ಟಿನ್ ಟೌನ್, ಬೆಂಗಳೂರು