ಪ್ರೊಜೆಕ್ಟರ್ ಬಳಸುವವರ ಗಮನಕ್ಕೆ

ಶಿಕ್ಷಕ ಮಿತ್ರರೇ, ನಿನ್ನೆ ಮೊದಲ ಸಲ ಪ್ರೊಜೆಕ್ಟರ್ ಇಟ್ಟು ಪಾಠ ಮಾಡಿದೆ. ಕೇಬಲ್ ಸಿಕ್ಕಿಸಿದರೂ ಗೋಡೆ ಮೇಲೆ ಬರೀ ನೀಲಿ. ಹತ್ತು ನಿಮಿಷ ಒದ್ದಾಡಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ವಿಂಡೋಸ್ ಕೀ ಜೊತೆ 'ಪಿ' ಒತ್ತಿ 'ಡೂಪ್ಲಿಕೇಟ್' ಆರಿಸಿದಳು, ಚಿತ್ರ ಬಂತು! (ಈಗ ಅವಳೇ ನನ್ನ ಗುರು.) ನೀವೂ ಬರೆದಿಟ್ಟುಕೊಳ್ಳಿ.

ವಿಡಿಯೊ ಇದ್ದರೆ ಮೊದಲೇ ಡೌನ್‌ಲೋಡ್ ಮಾಡಿ ತನ್ನಿ, ನೆಟ್ ನಂಬಬೇಡಿ. ಪವರ್‌ಪಾಯಿಂಟ್ ಸ್ಲೈಡ್ ತೋರಿಸುವಾಗ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ, ಮಕ್ಕಳ ಕಣ್ಣು ನಮ್ಮ ಕಡೆ ತಿರುಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ನನಗೆ ತುಂಬ ಹಿಡಿಸಿದ್ದು ಇದೇ.

ಪಾಠ ಮುಗಿದ ಕೂಡಲೇ ಪ್ಲಗ್ ಕೀಳಬೇಡಿ, ಒಳಗಿನ ಫ್ಯಾನ್ ನಿಲ್ಲಲಿ. ಅಂದಹಾಗೆ, ಉದ್ದನೆಯ ಎಚ್‌ಡಿಎಂಐ ಕೇಬಲ್ ಯಾರ ಬಳಿಯಿದೆ? ಸೋಮವಾರ ಬೇಕು.